ಎದ್ದು ನಿಂತವರು

ಕ್ಯಾಲೆಬ್ ಹಿಲ್, ನೋವಾ ಸ್ಕೋಷಿಯಾ
ಜನವರಿ 14, 2019

ಟಾವಿಸ್,

ನೀನು ಉತ್ತರ ಬರೆಯುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಹಿಂದಿನ ಎರಡು ಪತ್ರ ನಿನ್ನ ಕೈ ಸೇರಿದವೋ, ಆ ಹುಡುಗರ ಜೈಲಿನಲ್ಲಿ ಕಾಗದ ಒಡೆದು ಓದುವ ಸಾಹೇಬರ ಮೇಜಿನ ಮೇಲೇ ಕೂತಿವೆಯೋ ತಿಳಿಯದು. ಸಾಹೇಬರೇ, ಓದುತ್ತಿದ್ದೀರಾ? ಹೊಸ ವರ್ಷದ ಶುಭಾಶಯ. ಓದಿ ಆದ ಮೇಲೆ ನೆಟ್ಟಗೆ ಮಡಚಿ ಹುಡುಗನಿಗೆ ಕೊಡಿ.

ಇಲ್ಲಿ ಮೊಣಕಾಲುದ್ದ ಹಿಮ. ಬೆಳಿಗ್ಗೆ ಶಾಲೆಯ ಬಸ್ಸು ಸ್ಟಾರ್ಟ್ ಆಗುವಷ್ಟರಲ್ಲಿ ನನ್ನ ಬಾಯಿಂದ ಬರಬಾರದ ಮಾತೆಲ್ಲ ಬಂದಿರುತ್ತದೆ. ಮೊದಲ ಮಗು ಹತ್ತುವ ಹೊತ್ತಿಗೆ ಮತ್ತೆ ದೇವರಿಗೆ ಹೆದರುವ ಹೆಂಗಸಾಗಿರುತ್ತೇನೆ. ಡೀಕನ್ ಅಮೋಸ್ ಪ್ರತಿ ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಹುಡುಗರನ್ನು ಸೇರಿಸುವುದನ್ನು ಬಿಟ್ಟಿಲ್ಲ. ಅದೇ ಕಾಕಂಬಿ ಹಾಕಿದ ಬೀನ್ಸು, ಅದೇ ಕಂದು ಬ್ರೆಡ್ಡು. ಯಾರಿಗೆ ಕೋರ್ಟಿನ ತಾರೀಕು ಬಂದಿದೆಯೋ ಅವನನ್ನು ಕುರ್ಚಿಯಲ್ಲಿ ಕೂರಿಸಿ ತಾನೇ ತಲೆಕೂದಲು ಕತ್ತರಿಸುತ್ತಾನೆ, ಜಡ್ಜ್ ಮುಂದೆ ನೀಟಾಗಿ ನಿಲ್ಲಲಿ ಅಂತ.

ಈಗ ಮುಖ್ಯ ವಿಷಯ. ಕೋರ್ಟಿನ ಬಾಯಿಗೆ ಬಿದ್ದ ನಮ್ಮ ಕಪ್ಪು ಹುಡುಗರಿಗಾಗಿ ಊರೂರಲ್ಲೇ ಏನಾದರೂ ನಡೆಸಲು ಸರ್ಕಾರ ದುಡ್ಡು ತೆಗೆದಿಟ್ಟಿದೆಯಂತೆ. ಅಮೋಸ್ ಕೇಳಲು ಹೋದ. ಆಡಿಟ್ ಮಾಡಿಸಿದ ಹಳೆಯ ಲೆಕ್ಕಪತ್ರ ತನ್ನಿ ಅಂದರು. "ಬೀನ್ಸ್ ಪಾತ್ರೆ ತಳ ತೋರ್ಸ್ಲಾ? ಅದು ಪ್ರತಿ ವಾರ ಆಡಿಟ್ ಆಗತ್ತೆ" ಅಂದು ಎದ್ದು ಬಂದನಂತೆ. ಹೀಗೆ ನಮ್ಮ ಕ್ಯಾಲೆಬ್ ಹಿಲ್ ಬೆಟ್ಟದಿಂದ ಅರ್ಜಿಯೇ ಇಲ್ಲ. ನಮ್ಮ ಹೆಸರಿನಲ್ಲಿ ಅರ್ಜಿ ಹಾಕಿದವನು ಒಬ್ಬನೇ. ಯಾರು ಗೊತ್ತೇ? ಲಾರ್ನ್ ಹರ್ಟಲ್.

ಹೌದು, ಅವನೇ. ಕೋರ್ಟಿನಲ್ಲಿ ಪ್ರೊಬೇಷನ್ ಅಧಿಕಾರಿಯಾಗಿ ನಿನ್ನ ವರದಿ ಓದಿದ ಅದೇ ಹರ್ಟಲ್. "ಈ ಹುಡುಗನ ಬೆನ್ನಿಗೆ ಊರಿನ ಆಸರೆ ಇಲ್ಲ" ಎಂದು ಹವಾಮಾನ ಓದಿದ ಹಾಗೆ ಓದಿ, ನಿನ್ನನ್ನು ಒಳಗೆ ಕಳಿಸಿ, ತಾನು ಸರ್ಕಾರಿ ಕೆಲಸದಿಂದ ನಿವೃತ್ತನಾಗಿ, ಈಗ ನಮ್ಮ ಹುಡುಗರನ್ನು ಉದ್ಧಾರ ಮಾಡಲು ಸಂಸ್ಥೆ ಕಟ್ಟಿದ್ದಾನೆ. ಆರು ಹಾಸಿಗೆಯ ಒಂದು ಮನೆಯಂತೆ. ಹುಡುಗರಿಗೆ ದೋಣಿ ಹುಟ್ಟು ಹಾಕುವುದನ್ನು ಕಲಿಸುತ್ತಾನಂತೆ. ಕುರಿ ಕಾಯಲು ತೋಳ ಅರ್ಜಿ ಹಾಕಿದೆ.

ಯಾರಿಗೆ ದುಡ್ಡು ಕೊಡಬೇಕು ಅನ್ನಲು ಒಂದು ಸಮಿತಿ. ಅದರಲ್ಲಿ ಊರಿನವರೂ ಇರಬೇಕು. ಹ್ಯಾಲಿಫ್ಯಾಕ್ಸ್‌ನಿಂದ ಬಂದ ಅಧ್ಯಕ್ಷೆ ಮೊದಲೇ ಕೇಳಿದಳು, "ಅರ್ಜಿದಾರರ ಕಡೆಯೋರ ಜೊತೆ ಯಾರಿಗಾದ್ರೂ ರಕ್ತಸಂಬಂಧ ಇದ್ರೆ ಕೈ ಎತ್ತಿ." ಹರ್ಟಲ್ ಜಾಣ. ಹೆಸ್ಪರ್ ಅಜ್ಜಿಯ ಮೊಮ್ಮಗಳು ರೋವೀನಾಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾನೆ. ರೋವೀನಾ ಈ ಬೆಟ್ಟದಲ್ಲಿ ಯಾರಿಗೆ ನೆಂಟಳಲ್ಲ ಹೇಳು? ಎಲ್ಲರ ಕೈಗಳೂ ಎದ್ದವು. ಎಲ್ಲರನ್ನೂ ಮನೆಗೆ ಕಳಿಸಿದರು. ಎತ್ತದೆ ಉಳಿದದ್ದು ನನ್ನ ಕೈ ಒಂದೇ. ನಾನು ಗೈಸ್‌ಬರೋದಿಂದ ಮದುವೆಯಾಗಿ ಬಂದವಳು ತಾನೇ? ನಿನ್ನ ಸೋದರಮಾವ ಸತ್ತು ಮಣ್ಣಾದರೂ ಇವರಿಗೆಲ್ಲ ನಾನಿನ್ನೂ "ಹೊರಗಿನವಳು". ಆ ಹೊರಗಿನತನ ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು. ಸಮಿತಿಯಲ್ಲಿ ಊರಿನ ಕಡೆಯಿಂದ ಈಗ ನಾನೊಬ್ಬಳೇ.

ನೆಂಟಸ್ತಿಕೆ ಇದೆಯಾ ಎಂದು ಕೇಳಿದರು, ಟಾವಿಸ್. ಹಗೆ ಇದೆಯಾ ಎಂದು ಯಾರೂ ಕೇಳಲಿಲ್ಲ.

ಅವನು ನಿನ್ನ ಬಗ್ಗೆ ಹೇಳಿದ ಮಾತನ್ನೇ ಅವನ ಬಾಯಿಗೆ ಹಿಂದಕ್ಕೆ ತುರುಕುತ್ತೇನೆ. ನೀನು ನೋಡುತ್ತಿರು.

ನಿನ್ನ ಅತ್ತೆ,
ಓರ್ಲೀನ್

•

ಜನವರಿ 30, 2019

ಅತ್ತೆಯವರಿಗೆ,

ಮೂರು ಪತ್ರಗಳೂ ತಲುಪಿವೆ. ಆರೋಗ್ಯವಾಗಿದ್ದೇನೆ. ಗಣಿತದಲ್ಲಿ ಪಾಸಾದೆ. ಇಲ್ಲಿ ಕೂದಲು ಕತ್ತರಿಸಲು ಬರುವವನಿಗೆ ನಮ್ಮ ಕೂದಲು ಅರ್ಥವಾಗುವುದಿಲ್ಲ, ಹಾಗಾಗಿ ಬೋಳಿಸಿಬಿಡುತ್ತಾನೆ.

ನಿಮ್ಮ ಜಗಳದಲ್ಲಿ ನನ್ನ ಹೆಸರು ತರಬೇಡಿ. ಹರ್ಟಲ್ ಕೋರ್ಟಿನಲ್ಲಿ ಆ ಮಾತು ಹೇಳಿದಾಗ ನನಗೂ ಉರಿದಿತ್ತು. ಆದರೆ ಅವನು ಸುಳ್ಳೇನು ಹೇಳಿದ? ಕಾರು ಕದ್ದು ಓಡಿಸಿದವನು ಬ್ರಾಡಿ. ಅವನಿಗಾಗಿ ಅವನ ಹಾಕಿ ಕೋಚ್ ಬಂದು ಜಡ್ಜ್ ಮುಂದೆ ಮಾತಾಡಿದ. ಬ್ರಾಡಿ ಮನೆಗೆ ಹೋದ. ಹಿಂದಿನ ಸೀಟಿನಲ್ಲಿ ಕೂತಿದ್ದವನು ನಾನು, ಇಲ್ಲಿದ್ದೇನೆ. ನನಗಾಗಿ ಯಾರು ಬಂದರು?

ಮೇ ತಿಂಗಳಲ್ಲಿ ನನ್ನ ಶಿಕ್ಷೆಯ ಮರುಪರಿಶೀಲನೆ ಇದೆ. ಹೊರಗೆ ಇರಲು ಸರಿಯಾದ ಜಾಗ ಇದೆ ಎಂದು ತೋರಿಸಿದರೆ ಬಿಡಬಹುದು. ಇಲ್ಲದಿದ್ದರೆ ನವೆಂಬರ್‌ವರೆಗೆ ಇಲ್ಲೇ. ನಿಮ್ಮ ಮನೆ ಆಗುವುದಿಲ್ಲವಂತೆ. ನೀವು ಬೆಳಕು ಹರಿಯುವ ಮೊದಲೇ ಬಸ್ಸಿಗೆ ಹೋಗುತ್ತೀರಿ, ನೋಡಿಕೊಳ್ಳುವವರಿಲ್ಲ ಎಂದು ಆಗಲೇ ಬರೆದಾಗಿದೆ. ಬೇರೆ ಒಂದು ಜಾಗದ ಮಾತು ನಡೆದಿದೆ. ಹೆಚ್ಚು ಕೇಳಬೇಡಿ. ಅಲ್ಲಿಯವರೆಗೆ ದಯವಿಟ್ಟು ಗಲಾಟೆ ಮಾಡಬೇಡಿ.

ಇಂತಿ,
ಟಾವಿಸ್

•

ಫೆಬ್ರವರಿ 11, 2019

ಟಾವಿಸ್ ಸಾಹೇಬರಿಗೆ,

ಯಾವಾಗಿನಿಂದ ನಾನು ನಿನಗೆ "ಅತ್ತೆಯವರು" ಆದೆ? ಯಾವಾಗಿನಿಂದ "ನೀವು"? ಹಾಲುಹಲ್ಲು ಬೀಳುವ ಮೊದಲೇ ತಾಯಿಯನ್ನು ಕಳಕೊಂಡು ನನ್ನ ಸ್ಕರ್ಟಿನ ಅಂಚು ಹಿಡಿದವನು, ನನ್ನ ತಟ್ಟೆಯಿಂದಲೇ ಮೀನು ಕದ್ದು ತಿಂದವನು, ಈಗ ನನಗೆ ಮರ್ಯಾದೆ ಕೊಡುತ್ತಿದ್ದಾನೆ! ನಿನ್ನ ಮರ್ಯಾದೆ ನೀನೇ ಇಟ್ಟುಕೋ.

"ಯಾರು ಬಂದರು" ಎಂದು ಕೇಳುತ್ತೀಯಾ? ನನ್ನನ್ನು? ನಿನ್ನ ಪತ್ರ ಓದಿ ಬಸ್ಸನ್ನು ರಸ್ತೆ ಪಕ್ಕಕ್ಕೆ ಹಾಕಬೇಕಾಯಿತು.

ನಾವೆಲ್ಲ ಅಲ್ಲೇ ಇದ್ದೆವಲ್ಲೋ! ನಾನು, ಹೆಸ್ಪರ್ ಅಜ್ಜಿ, ಅಮೋಸ್, ಚರ್ಚಿನ ಹೆಂಗಸರಷ್ಟೂ. ಭಾನುವಾರದ ಬಿಳಿ ಬಟ್ಟೆ, ಬಿಳಿ ಹ್ಯಾಟು. ಹಿಂದಿನ ಬೆಂಚುಗಳಲ್ಲಿ ಸೂಜಿ ಹಾಕಲು ಜಾಗವಿರಲಿಲ್ಲ. ನಿನ್ನ ಹೆಸರು ಕೂಗಿದ ಕೂಡಲೇ ಎಲ್ಲರೂ ಒಟ್ಟಿಗೆ ಎದ್ದು ನಿಂತೆವು. ಕೆರೆಯಲ್ಲಿ ನಿನಗೆ ದೀಕ್ಷಾಸ್ನಾನ ಮಾಡಿಸಿದ ದಿನ ದಡದಲ್ಲಿ ನಿಂತೆವಲ್ಲ, ಹಾಗೆ. ನಮ್ಮಲ್ಲಿ ಎದ್ದು ನಿಂತರೆ ಮುಗಿಯಿತು, ಈ ಮಗು ನಮ್ಮದು ಎಂದು ಅರ್ಥ. ಅದರ ಮೇಲೆ ಮಾತು ಯಾಕೆ? ಕರೆಯದೆ ಬಾಯಿ ಹಾಕುವುದು ನಮ್ಮ ಕ್ರಮವೂ ಅಲ್ಲ. ಯಾರಾದರೂ ಕೇಳುತ್ತಾರೆ ಎಂದು ಕಾದೆವು.

ಕೇಳಿದ್ದು ಬಾಗಿಲ ಪೊಲೀಸಿನವನು ಒಬ್ಬನೇ. "ಏನ್ ನಾಟಕ ಇದು? ಕೂತ್ಕೊಳ್ಳಿ ಎಲ್ಲಾ" ಅಂದ. ಜಡ್ಜ್ ಕಾಗದದಿಂದ ತಲೆ ಎತ್ತಲಿಲ್ಲ. ನಾವು ಕೂತೆವು. ಅದೇ ತಪ್ಪು. ಕೂರಬಾರದಿತ್ತು. ನಾವು ಕೂತ ಮೇಲೆ ಹರ್ಟಲ್ ಎದ್ದ. ನಮ್ಮ ಕಡೆ ತಿರುಗಿ ನೋಡಿಯೇ ಎದ್ದ, ಟಾವಿಸ್. ನಮ್ಮ ಹ್ಯಾಟುಗಳನ್ನೆಲ್ಲ ನೋಡಿ, ಕಾಗದದತ್ತ ತಿರುಗಿ, "ಊರಿನ ಆಸರೆ ಇಲ್ಲ, ಯಾರೂ ಮುಂದೆ ಬಂದಿಲ್ಲ" ಎಂದು ಓದಿದ.

ಅವನು ನಮ್ಮನ್ನು ನೋಡಿದ ಆ ನೋಟ ನನ್ನ ಗಂಟಲಲ್ಲಿ ಇಂದಿಗೂ ಮೀನಿನ ಮುಳ್ಳಿನ ಹಾಗೆ ಕೂತಿದೆ. ಅದಕ್ಕೇ ಈ ಸೇಡು. ನಿನಗೆ ಬೇಡವಾದರೆ ಬಿಡು. ನನಗೆ ಬೇಕು.

ಓರ್ಲೀನ್

•

ಮಾರ್ಚ್ 6, 2019

ಅತ್ತೆ,

ನಿನ್ನ ಪತ್ರ ಬಂದು ತುಂಬ ದಿನವಾಯಿತು. ಬರೆಯಲು ಕೂತಾಗಲೆಲ್ಲ ಹರಿದು ಹಾಕಿದೆ.

ನನಗೆ ಗೊತ್ತಿರಲಿಲ್ಲ.

ಆ ದಿನ ವಕೀಲರು ನನ್ನ ಭುಜದ ಮೇಲೆ ಕೈಯಿಟ್ಟು, "ಹಿಂದೆ ತಿರುಗ್ಬೇಡ, ಜಡ್ಜ್ ಕಡೆ ನೋಡು, ತಿರುಗಿದ್ರೆ ಪೊಗರು ಅನ್ಕೋತಾರೆ" ಅಂದಿದ್ದರು. ನಾನು ತಿರುಗಲಿಲ್ಲ. ಹಿಂದೆ ಬೆಂಚುಗಳು ಸದ್ದು ಮಾಡಿದ್ದು ಕೇಳಿಸಿತು. ಬೇರೆ ಯಾವುದೋ ಕೇಸಿನವರು ಎದ್ದು ಹೋಗುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಪಕ್ಕದ ಬಾಗಿಲಿಂದಲೇ ವ್ಯಾನಿಗೆ ಹತ್ತಿಸಿದರು. ನೀನೊಬ್ಬಳೇ ಬಂದಿರಬಹುದು, ಬಸ್ಸಿನ ಹೊತ್ತಾಯಿತೆಂದು ಹೋಗಿರಬಹುದು ಅಂದುಕೊಂಡಿದ್ದೆ. ಇಷ್ಟು ದಿನ ನಿನ್ನ ಮೇಲೆ ಕೋಪ ಮಾಡಿಕೊಂಡು ಕೂತಿದ್ದೆ. ಅದಕ್ಕೇ ಆ "ನೀವು".

ಇನ್ನೊಂದು ಮುಚ್ಚಿಟ್ಟಿದ್ದೆ. ಹರ್ಟಲ್ ಇಲ್ಲಿಗೆ ಬರುತ್ತಾನೆ. ಆಗಾಗ ಬುಧವಾರ ಬಂದು ನನ್ನ ಜೊತೆ ಇಸ್ಪೀಟು ಆಡುತ್ತಾನೆ. ಚಾಕೊಲೇಟು ತರುತ್ತಾನೆ. ಮೊದಲ ಸಲ ಬಂದಾಗಲೇ ಹೇಳಿದ್ದ, "ನಿಂಗೆ ಅಂತ ಯಾರೂ ಬರ್ಲಿಲ್ಲ ಕಣೋ. ಪರ್ವಾಗಿಲ್ಲ, ನಾನಿದೀನಿ." ನಾನು ಅದನ್ನು ನಂಬಿದೆ, ಅತ್ತೆ. ಅವನು ಹೋದ ಮೇಲೆ ಒಳ್ಳೆಯವನು ಅಂದುಕೊಂಡೆ. ನಿಮ್ಮೆಲ್ಲರನ್ನೂ ಕಣ್ಣಾರೆ ನೋಡಿ ಬಂದು ನನ್ನ ಮುಂದೆ ಕೂತು ಎಲೆ ಹಂಚುತ್ತಾ ಹಾಗೆ ಹೇಳಿದ. ಉಳಿದಿದ್ದ ಚಾಕೊಲೇಟನ್ನೆಲ್ಲ ಕಸದ ಬುಟ್ಟಿಗೆ ಹಾಕಿದೆ.

ಸಮಿತಿಯ ಮುಂದೆ ನನ್ನ ಕಥೆ ಹೇಳುತ್ತಾನಂತೆ, ಹೆಸರು ಹೇಳದೆ. ಒಪ್ಪಿಗೆ ಕೇಳಿದ. ಕೊಟ್ಟೆ, ನಿನ್ನ ಪತ್ರ ಬರುವ ಮೊದಲು. ಕೋಪದಲ್ಲಿದ್ದರೂ ನಿನ್ನ ಬಗ್ಗೆ ಕೆಟ್ಟದ್ದು ಹೇಳಲಿಲ್ಲ. ಬಸ್ಸು, ಬೀನ್ಸು, ಕೆರೆ, ಎಲ್ಲ ಹೇಳಿದ್ದೇನೆ. ಏನು ಹೇಳುತ್ತಾನೋ ಕೇಳಿಸಿಕೋ.

ಆಮೇಲೆ ಅವನನ್ನು ಬಿಡಬೇಡ.

ಮೇ ತಿಂಗಳ ಜಾಗದ ಚಿಂತೆ ನಿನಗೆ ಬೇಡ. ಅದು ಬೇರೆಯದು, ಡಾರ್ಟ್‌ಮತ್ ಕಡೆ. ಹರ್ಟಲ್‌ಗೂ ಅದಕ್ಕೂ ಏನೂ ಸಂಬಂಧವಿಲ್ಲ. ನಿಶ್ಚಿಂತೆಯಾಗಿ ಹೊಡಿ.

ನಿನ್ನ
ಟಾವಿಸ್

•

ಮಾರ್ಚ್ 25, 2019

ನನ್ನ ಕಂದಾ,

ಆಯಿತು! ಹೊಟ್ಟೆ ತಣ್ಣಗಾಯಿತು. ಇವತ್ತು ಬಸ್ಸಿನಲ್ಲಿ ಹಾಡುತ್ತಿದ್ದೆ ಎಂದು ಮಕ್ಕಳು ಮನೆಯಲ್ಲಿ ದೂರು ಹೇಳಿವೆ.

ಮೊದಲಿನಿಂದ ಹೇಳುತ್ತೇನೆ. ಅರ್ಜಿದಾರ ಊರಿನ ಮುಂದೆ ಬಂದು ಮಾತಾಡಬೇಕು ಎಂಬುದು ಸಮಿತಿಯ ನಿಯಮ. ಎಲ್ಲಿ ಎಂದು ಕೇಳಿದಾಗ ನಾನು ಬೆಣ್ಣೆಯಂಥ ದನಿಯಲ್ಲಿ, "ನಮ್ಮ ಚರ್ಚ್ ಹಾಲ್ ಇದೆಯಲ್ಲ ಮೇಡಂ, ಖಾಲಿ ಬಿದ್ದಿರತ್ತೆ" ಅಂದೆ. ಮನೆಮನೆಗೂ ಹೇಳಿ ಬಂದೆ. ಶನಿವಾರ ಹಾಲ್ ತುಂಬಿ ತುಳುಕಿತು. ಹೆಂಗಸರೆಲ್ಲ ಬಿಳಿ ಬಟ್ಟೆ, ಬಿಳಿ ಹ್ಯಾಟು. ಕೋರ್ಟಿಗೆ ಹೋಗಿದ್ದ ಅವೇ ಹ್ಯಾಟುಗಳು. ನಾನು ಸಮಿತಿಯವರ ಜೊತೆ ಮೇಜಿನ ಹಿಂದೆ ಕೂತಿದ್ದೆ, ತುಟಿ ಬಿಗಿ ಹಿಡಿದು.

ಹರ್ಟಲ್ ಪರದೆಯ ಮೇಲೆ ದೋಣಿಗಳ ಚಿತ್ರ ತೋರಿಸಿದ. ಆಮೇಲೆ ದನಿ ತಗ್ಗಿಸಿ ಹೇಳಿದ, "ನನಗೊಬ್ಬ ಹುಡುಗ ಗೊತ್ತು. ಹೆಸರು ಹೇಳಲ್ಲ. ಅಮ್ಮ ಇಲ್ಲ, ಅಪ್ಪ ಇಲ್ಲ. ಅವನಿಗೆ ಈ ಪ್ರಪಂಚದಲ್ಲಿ ಯಾರಂದ್ರೆ ಯಾರೂ ಇಲ್ಲ. ತಿಂಗಳಿಗೊಮ್ಮೆ ಅವನ ಜೊತೆ ಇಸ್ಪೀಟು ಆಡೋದು ನಾನೊಬ್ಬನೇ." ಹ್ಯಾಲಿಫ್ಯಾಕ್ಸ್‌ನ ಅಧ್ಯಕ್ಷೆ ಕಣ್ಣೊರೆಸಿಕೊಂಡಳು.

ನೀನು ಹೇಳಿದ ಬಸ್ಸು ಎಲ್ಲಿ ಹೋಯಿತು? ಬೀನ್ಸು? ಕೆರೆ? ದಿಕ್ಕಿಲ್ಲದ ಹುಡುಗನಿಗೆ ದುಡ್ಡು ಜಾಸ್ತಿ ಹುಟ್ಟುತ್ತದೆ, ಅಷ್ಟೇ. ಹಾಲ್‌ನಲ್ಲಿದ್ದ ಎಲ್ಲರಿಗೂ ಅದು ಯಾರೆಂದು ತಿಳಿದು ಹೋಯಿತು.

ಆಗ ಹೆಸ್ಪರ್ ಅಜ್ಜಿ ಕೂತಲ್ಲಿಂದಲೇ ಕೇಳಿದಳು, "ಅಪ್ಪಾ, ನೀನು ಯಾರ ಪೈಕಿ?"

"ಲೂನೆನ್‌ಬರ್ಗ್ ಕಡೆಯೋರು ನಾವು. ಹರ್ಟಲ್ ಮನೆತನ."

"ಅದು ಗೊತ್ತು ಕಣಪ್ಪ, ಮೂಗು ನೋಡಿದ್ರೇ ಗೊತ್ತಾಗತ್ತೆ. ಇಲ್ಲಿ ಯಾರ ಪೈಕಿ ಅಂತ ಕೇಳ್ದೆ. ಈ ಹಾಲ್‌ನಲ್ಲಿ ಹೊಸಬರು ಮಾತಾಡ್ಬೇಕಂದ್ರೆ ನಮ್ಮೋರು ಒಬ್ರು ಎದ್ದು ನಿಲ್ಬೇಕು. ನಿನ್ನ ಪರವಾಗಿ ಯಾರು ಏಳ್ತಾರೆ?"

ಅವನು ನಗುತ್ತಾ ಸುತ್ತ ನೋಡಿದ. ಆ ನಗು ಸ್ವಲ್ಪ ಹೊತ್ತು ಮುಖದ ಮೇಲಿತ್ತು. ಆಮೇಲೆ ಅದಕ್ಕೆ ಎಲ್ಲಿ ಹೋಗಬೇಕೋ ತಿಳಿಯಲಿಲ್ಲ. ರೋವೀನಾ ಪಾಪ, ಸಂಬಳ ತಿನ್ನುವವಳು, ಅರ್ಧ ಎದ್ದಳು. ಅಜ್ಜಿ ಕೋಲಿನ ಕೊಕ್ಕೆಯನ್ನು ಅವಳ ಬೆಲ್ಟಿಗೆ ಹಾಕಿ ಎಳೆದು, "ಕೂತ್ಕೊಳೇ, ಹಾಲ್‌ನಲ್ಲಿ ಗಾಳಿ ಬಿಡ್ಬೇಡ" ಅಂದಳು. ಕೂತಳು. ಇಡೀ ಊರು ಕೂತೇ ಇತ್ತು. ಅವನು ನಮ್ಮ ಹ್ಯಾಟುಗಳನ್ನು ನೋಡಿದ, ಟಾವಿಸ್. ಈ ಸಲ ಗುರುತು ಹಿಡಿದ. ಕುತ್ತಿಗೆಯಿಂದ ಕಿವಿಯವರೆಗೆ ಕೆಂಪಗಾದ.

ಅವನನ್ನು ಹೊರಗೆ ಕಳಿಸಿ ಅಧ್ಯಕ್ಷೆ ನನ್ನ ಕಡೆ ತಿರುಗಿದಳು. "ನಿಮ್ಮ ಅಭಿಪ್ರಾಯ?" ಇಷ್ಟು ದಿನ ಬಾಯಲ್ಲೇ ಇಟ್ಟುಕೊಂಡಿದ್ದನ್ನು ಹೇಳಿದೆ. "ಈ ಅರ್ಜಿಯ ಬೆನ್ನಿಗೆ ಊರಿನ ಆಸರೆ ಇಲ್ಲ. ಯಾರೂ ಮುಂದೆ ಬಂದಿಲ್ಲ." ಅಕ್ಷರಕ್ಕೆ ಅಕ್ಷರ ಅವನದೇ ಮಾತು. ಅವಳು ಬರೆದುಕೊಂಡಳು. ಅರ್ಜಿ ಬಿದ್ದುಹೋಯಿತು.

ಆ ದುಡ್ಡು ಅಮೋಸನ ನೆಲಮಾಳಿಗೆಗೆ ಕೊಡಿ ಅಂದೆ. ಅರ್ಜಿ ಇಲ್ಲದೆ ಆಗುವುದಿಲ್ಲವಂತೆ. ಅದನ್ನೀಗ ಒಂದು ಸಂಶೋಧನೆಗೆ ಕೊಡುತ್ತಾರಂತೆ. ಕಪ್ಪು ಹುಡುಗರಿಗೆ ಏನು ಬೇಕು ಎಂದು ಕಂಡುಹಿಡಿಯಲು! ನನ್ನನ್ನು ಕೇಳಿದ್ದರೆ ಪುಕ್ಕಟೆ ಹೇಳುತ್ತಿದ್ದೆ. ಅದೊಂದು ಚುಚ್ಚುತ್ತಿದೆ. ಆದರೂ ಆ ಕೆಂಪು ಕಿವಿ ನೋಡಿದ ಮೇಲೆ ಮೂರು ಹೊತ್ತೂ ಹಸಿವು ಚೆನ್ನಾಗಿ ಆಗುತ್ತಿದೆ.

ಮೇ ತಿಂಗಳಿಗೆ ನಿನ್ನ ಕೋಣೆಗೆ ಹೊಸ ಪರದೆ ಹೊಲಿಯುತ್ತಿದ್ದೇನೆ. ಡಾರ್ಟ್‌ಮತ್‌ನಿಂದ ವಾರಕ್ಕೊಮ್ಮೆ ಬಿಡುತ್ತಾರೆ ತಾನೇ?

ನಿನ್ನ ಅತ್ತೆ

•

ಏಪ್ರಿಲ್ 10, 2019

ಅತ್ತೆ,

ಹೆಸ್ಪರ್ ಅಜ್ಜಿಯ ಕೋಲಿನ ಕಥೆ ಓದಿ ಎಷ್ಟು ನಕ್ಕೆನೆಂದರೆ ಕಾವಲಿನವನು ಒಳಗೆ ಇಣುಕಿ ನೋಡಿದ. ಅವನಿಗೂ ಓದಿ ಹೇಳಿದೆ. ಅವನೂ ನಕ್ಕ, ಆಮೇಲೆ ನಗಬಾರದೆಂದು ನೆನಪಾಗಿ ಹೋದ.

ಯಾರೂ ಇಲ್ಲ ಅಂದನಾ? ನಿನ್ನ ಬಗ್ಗೆಯೇ ಅವನ ಕಿವಿ ತೂತಾಗುವಷ್ಟು ಹೇಳಿದ್ದೆ. ತಲೆ ಆಡಿಸುತ್ತಾ ಕೇಳಿದ್ದ.

ಹೋದ ಬುಧವಾರ ಬಂದಿದ್ದ. ಎಲೆ ಹಂಚಲಿಲ್ಲ. "ನಿನ್ನ ಬಾಗಿಲು ನಿಮ್ಮೂರೋರೇ ಹಾಕಿದ್ರು, ನೋಡ್ಕೋ" ಅಂದ. "ಹೌದಾ ಸರ್" ಅಂದೆ. "ಹಾಕಿದ್ದು ಯಾರು ಅಂತ ಗೊತ್ತಾ?" "ಗೊತ್ತು ಸರ್. ನಮ್ಮತ್ತೆ." ಅವನ ಮುಖ ನೀನು ನೋಡಬೇಕಿತ್ತು. ಆ ಕೆಂಪು ಕಿವಿ ನೀನು ನೋಡಿದೆ, ಇದನ್ನು ನಾನು ನೋಡಿದೆ, ಸಮಸಮ ಆಯಿತು.

ಪರದೆ ಈಗಲೇ ಹೊಲಿಯಬೇಡ. ಅವಸರವೇನಿಲ್ಲ.

ಟಾವಿಸ್

•

ಏಪ್ರಿಲ್ 27, 2019

ಟಾವಿಸ್,

ರೋವೀನಾ ನಿನ್ನೆ ಮನೆಗೆ ಬಂದಿದ್ದಳು. ಕೆಲಸ ಹೋಗಿದೆ. ಜಗಳಕ್ಕೆ ಬಂದಳೆಂದು ಸೌಟು ಹಿಡಿದೇ ಬಾಗಿಲು ತೆಗೆದೆ. ಅವಳು ಜಗಳ ಆಡಲಿಲ್ಲ. ಅಡುಗೆಮನೆಯಲ್ಲಿ ಕೂತು ಅತ್ತಳು. "ಓರ್ಲೀನ್ ಆಂಟಿ, ಹರ್ಟಲ್ ಅವರ ಮನೇಲಿ ಕಿಟಕಿ ಪಕ್ಕದ ಹಾಸಿಗೆ ಟಾವಿಸ್‌ಗೆ ಅಂತ ನಾನೇ ರೆಡಿ ಮಾಡಿದ್ದೆ. ಅವನಿಗೂ ಗೊತ್ತಿತ್ತು. ನಿಮಗೆ ಹೇಳಿಲ್ವಾ?" ಅಂದಳು.

ಡಾರ್ಟ್‌ಮತ್ ಕಡೆ ಯಾವ ಜಾಗವೂ ಇರಲಿಲ್ಲ. ಅಲ್ಲವೇನೋ?

ಕಳ್ಳ. ಸುಳ್ಳುಬುರುಕ. ನನ್ನ ಕೈಯಿಂದಲೇ ನಿನ್ನ ಬಾಗಿಲಿಗೆ ಬೀಗ ಹಾಕಿಸಿದೆಯಲ್ಲೋ! "ನಿಶ್ಚಿಂತೆಯಾಗಿ ಹೊಡಿ" ಎಂದು ಬರೆದೆಯಲ್ಲ, ಯಾರ ತಲೆಗೆ ಹೊಡೆಯುತ್ತಿದ್ದೇನೆ ಎಂದು ಗೊತ್ತಿದ್ದೂ? ನಾನು ಬಸ್ಸಿನಲ್ಲಿ ಹಾಡಿಕೊಂಡು ತಿರುಗಿದೆ. ಪರದೆ ಹೊಲಿದೆ. ನೀನು ಅಲ್ಲಿ ಕೂತು ನಗುತ್ತಿದ್ದೆ.

ಮೊದಲೇ ಹೇಳಿದ್ದರೆ ಆ ಹರ್ಟಲ್‌ನ ಪರವಾಗಿ ನಾನೇ ಎದ್ದು ನಿಲ್ಲುತ್ತಿದ್ದೆ. ಹೌದು, ನಿಲ್ಲುತ್ತಿದ್ದೆ, ಹಲ್ಲು ಕಚ್ಚಿಕೊಂಡು. ನಿನ್ನನ್ನು ಹೊರಗೆ ತರಲು ಸೈತಾನನ ಪರವಾಗಿಯೂ ಎದ್ದು ನಿಲ್ಲುತ್ತಿದ್ದೆ. ಅದು ನಿನಗೆ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ ಅಲ್ಲವೇ?

ಯಾಕೋ ಹೀಗೆ ಮಾಡಿದೆ? ಬರಿ. ಈ ಸಲ ಹರಿದು ಹಾಕಬೇಡ.

•

ಮೇ 4, 2019

ಅತ್ತೆ,

ಹೌದು, ಅದಕ್ಕೇ ಹೇಳಲಿಲ್ಲ. ನೀನು ಎದ್ದು ನಿಲ್ಲುತ್ತಿದ್ದೆ. ಅವನು ಗೆಲ್ಲುತ್ತಿದ್ದ. ನಾನು ಕಿಟಕಿ ಪಕ್ಕ ಮಲಗುತ್ತಿದ್ದೆ. ದುಡ್ಡು ಕೊಡುವವರು ಬಂದಾಗಲೆಲ್ಲ ನನ್ನನ್ನು ಕರೆದು ನಿಲ್ಲಿಸಿ, "ನೋಡಿ, ಯಾರೂ ಇಲ್ಲದ ಹುಡುಗ" ಎಂದು ತೋರಿಸುತ್ತಿದ್ದ. ಮೇ ತಿಂಗಳಲ್ಲಿ ಹೊರಗೆ ಬರುತ್ತಿದ್ದೆ, ನಿಜ. ಆದರೆ ನಿಮ್ಮನ್ನೆಲ್ಲ ನನ್ನ ಬದುಕಿನಿಂದ ಅಳಿಸಿಹಾಕಿ ಬರಬೇಕಿತ್ತು.

ನಿನಗೊಬ್ಬಳಿಗೇ ಸೇಡು ಅಂದುಕೊಂಡೆಯಾ? ನಿನ್ನ ಕಡೆ ಅವನು ಒಂದು ನೋಟ ನೋಡಿದ, ಅಷ್ಟೇ. ನಾನು ಒಂದು ವರ್ಷಕ್ಕೂ ಹೆಚ್ಚು ಕಾಲ ನಿಮ್ಮೆಲ್ಲರನ್ನೂ ದ್ವೇಷಿಸುವ ಹಾಗೆ ಮಾಡಿದ. ಅದರ ಬೆಲೆ ನವೆಂಬರ್‌ವರೆಗೆ ಅಂದರೆ ಅಗ್ಗವೇ. ನಾನು ಅಳುತ್ತಿಲ್ಲ, ನೀನೂ ಅಳಬೇಡ.

ಆದರೆ ಕೋರ್ಟಿನ ತಾರೀಕು ಇದ್ದೇ ಇದೆ, 21ಕ್ಕೆ. ಜಾಗ ಇಲ್ಲವೆಂದು ಹೇಳಲು ಹರ್ಟಲ್‌ನನ್ನೇ ಕರೆಸುತ್ತಾರೆ. ನೀವೆಲ್ಲ ಬನ್ನಿ. ಈ ಸಲ ಕೂರಬೇಡಿ.

ಟಾವಿಸ್

•

ಮೇ 12, 2019

ಬರುತ್ತೇವೆ. ಹೆಸ್ಪರ್ ಅಜ್ಜಿ ಹ್ಯಾಟು ಒಗೆಯಲು ಹಾಕಿದ್ದಾಳೆ. ಅಮೋಸ್ ಕತ್ತರಿ ತರುತ್ತಾನೆ, ಬಾಗಿಲಲ್ಲಿ ಕಿತ್ತುಕೊಳ್ಳದಿದ್ದರೆ ಸರಿ. ನಿನ್ನ ಮೇಲಿನ ಕೋಪ ಇನ್ನೂ ಹೋಗಿಲ್ಲ. ಅದನ್ನೂ ಹೊತ್ತುಕೊಂಡೇ ಬರುತ್ತೇನೆ.

ಅತ್ತೆ

•

ಮೇ 23, 2019

ಅತ್ತೆ,

ನೀನು ಅಲ್ಲೇ ಇದ್ದೆ, ಎಲ್ಲ ನೋಡಿದ್ದೀಯ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನೀನು ನೋಡಿದ್ದು ಹಿಂದಿನಿಂದ. ಮುಂದಿನಿಂದ ಹೇಗಿತ್ತೆಂದು ನಿನಗೆ ಗೊತ್ತಿಲ್ಲ.

ಹರ್ಟಲ್ ನನ್ನ ಪಕ್ಕದಲ್ಲೇ ನಿಂತು ಹೇಳಿದ, "ಜಾಗ ಸಿದ್ಧವಿತ್ತು ಸ್ವಾಮಿ. ದುಡ್ಡು ಬರ್ಲಿಲ್ಲ. ಸಮಿತಿಯೋರೇ ಹೇಳಿದಾರೆ, ಊರಿನ ಆಸರೆ ಇಲ್ಲ, ಯಾರೂ ಮುಂದೆ ಬಂದಿಲ್ಲ ಅಂತ." ಹೇಳುವಾಗ ಓರೆಗಣ್ಣಲ್ಲಿ ನನ್ನನ್ನು ನೋಡಿದ. ನಿಮ್ಮತ್ತೆಯ ಮಾತನ್ನೇ ನಿಮಗೆ ವಾಪಸ್ಸು ಹೊಡೆದೆ ಎಂಬ ಖುಷಿ ಅವನ ಬಾಯಿಯ ಮೂಲೆಯಲ್ಲಿತ್ತು.

ಆಗ ಹಿಂದೆ ಆ ಸದ್ದು ಬಂತು. ಬೆಂಚುಗಳ ಸದ್ದು. ಅದೇ ಸದ್ದು, ಅತ್ತೆ. ಈ ಸಲ ಅದೇನೆಂದು ನನಗೆ ಗೊತ್ತಿತ್ತು.

ಬಾಗಿಲ ಪೊಲೀಸಿನವನು "ಕೂತ್ಕೊಳ್ಳಿ" ಅಂದ. ಬೆಂಚಿನ ಸದ್ದು ಬರಲಿಲ್ಲ. "ಕೂತ್ಕೊಳ್ಳಿ ಅಂದೆ!" ಆಗಲೂ ಇಲ್ಲ. ಜಡ್ಜ್ ಕಾಗದದಿಂದ ತಲೆ ಎತ್ತಿದರು. ಹರ್ಟಲ್‌ನ ತಲೆಯ ಮೇಲಿಂದ ಹಿಂದಕ್ಕೆ ನೋಡಿದರು. ತುಂಬ ಹೊತ್ತು ನೋಡಿದರು.

"ಮಿಸ್ಟರ್ ಹರ್ಟಲ್, ಯಾರೂ ಮುಂದೆ ಬಂದಿಲ್ಲ ಅಂದ್ರಿ. ನಿಮ್ಮ ಹಿಂದೆ ನಿಂತಿರೋರು ಯಾರು?"

ಅವನು ತಿರುಗಲೇ ಇಲ್ಲ. "ಗೊತ್ತಿಲ್ಲ ಸ್ವಾಮಿ" ಅಂದ.

ಆಮೇಲೆ ಹೆಸ್ಪರ್ ಅಜ್ಜಿಯ ದನಿ. "ಅವನಿಗೆ ಗೊತ್ತಿಲ್ದಿದ್ರೆ ನಾನು ಹೇಳ್ತೀನಿ. ಹೆಸ್ಪರ್ ಗ್ರೋಸ್. ಈ ಹುಡುಗನ ಅಜ್ಜನ ಅಕ್ಕ. ಬರ್ಕೋ ಮಗಾ, ನಿಧಾನಕ್ಕೆ ಹೇಳ್ತೀನಿ." ಗುಮಾಸ್ತ ಜಡ್ಜ್ ಮುಖ ನೋಡಿದ. ಜಡ್ಜ್ ಬರೆದುಕೋ ಎಂದು ಕೈ ಮಾಡಿದರು. ಆಮೇಲೆ ಅಮೋಸ್. ಆಮೇಲೆ ನೀನು. ಆಮೇಲೆ ಒಬ್ಬೊಬ್ಬರೇ, ಯಾರು, ಯಾರ ಮಗಳು, ನನಗೆ ಏನಾಗಬೇಕು. ನಡುವೆ ರೋವೀನಾಳ ದನಿಯೂ ಕೇಳಿಸಿತು. ಊಟದ ಹೊತ್ತು ಮೀರಿದರೂ ಮುಗಿಯಲಿಲ್ಲ. ಅಷ್ಟು ಹೊತ್ತೂ ಹರ್ಟಲ್ ನಿಂತೇ ಇರಬೇಕಾಯಿತು. ಅವನ ಕೈಯಲ್ಲಿದ್ದ ಕಾಗದ ಬೆವರಿಗೆ ಮೆತ್ತಗಾಗಿ ಬಾಗಿಹೋಗಿತ್ತು. ಇದು ನಿನಗೆ ಕಂಡಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ಜಡ್ಜ್ ಹೇಳಿದ್ದು ನೀನೇ ಕೇಳಿದ್ದೀಯ. ಹೊಸ ವರದಿ, ಬೇರೆಯವರ ಕೈಯಿಂದ. ನಿಮ್ಮೆಲ್ಲರ ಮಾತೂ ಅದರಲ್ಲಿ ಇರಬೇಕು. ಆದರೆ ಆ ವರದಿ ಬರುವುದರೊಳಗೆ ನವೆಂಬರ್ ಬಂದೇ ಬಿಡುತ್ತದೆ ಎಂದು ವಕೀಲರು ಮೆಲ್ಲಗೆ ಹೇಳಿದರು. ಅವರ ಕೈ ಮತ್ತೆ ನನ್ನ ಭುಜದ ಮೇಲಿತ್ತು. ನಾನು ಆ ಕೈ ತೆಗೆದು ಹಾಕಿ ತಿರುಗಿದೆ.

ನೋಡಿದೆ, ಅತ್ತೆ. ಒಂದೊಂದು ಹ್ಯಾಟನ್ನೂ ನೋಡಿದೆ. ನಿನ್ನ ಹ್ಯಾಟು ಸೊಟ್ಟಗಿತ್ತು.

ಹರ್ಟಲ್ ಹೊರಗೆ ಹೋಗಬೇಕೆಂದರೆ ನಿಮ್ಮ ನಡುವಿನ ದಾರಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅಜ್ಜಿ ಕೋಲು ಅಡ್ಡ ಇಟ್ಟುಕೊಂಡು ನಿಂತಿದ್ದಳು. "ಎಕ್ಸ್‌ಕ್ಯೂಸ್ ಮಿ ಮೇಡಂ" ಅಂದ.

"ಬಿಡ್ತೀನಪ್ಪ. ಇಷ್ಟೊತ್ತು ಹೆಸರು ಕೇಳಿಸ್ಕೊಂಡ್ಯಲ್ಲ, ನನ್ನ ಹೆಸರೇನು ಹೇಳು, ಬಿಡ್ತೀನಿ."

ಅವನು ಅಜ್ಜಿಯ ಮುಖ ನೋಡಿದ. ನಿನ್ನ ಮುಖ ನೋಡಿದ. ಅಮೋಸನ ಮುಖ ನೋಡಿದ. ಅಷ್ಟರಲ್ಲಿ ನನ್ನನ್ನು ಪಕ್ಕದ ಬಾಗಿಲಿಂದ ಹೊರಗೆ ಕರೆದುಕೊಂಡು ಹೋದರು. ವ್ಯಾನು ಹೊರಡುವಾಗಲೂ ಅವನು ಆಚೆ ಬಂದಿರಲಿಲ್ಲ.

ಒಂದಾದರೂ ಹೆಸರು ಹೇಳಿದನಾ? ಬರಿ. ಹೇಳಲಿಲ್ಲ ಎಂದು ಬರೆದರೆ ಆ ಕಾಗದವನ್ನು ನವೆಂಬರ್‌ವರೆಗೆ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತೇನೆ.

ಪರದೆ ಹಾಕಿಡು.

ನಿನ್ನ
ಟಾವಿಸ್